ಬಳಿಯುವ ಮೊದಲು ಉಜ್ಜಬೇಕು

ಅಮೆರಿಕದ ಮನೆಗಳ ಹಳೆಯ ಗ್ಯಾರೇಜುಗಳಲ್ಲಿ ಕಾಂಕ್ರೀಟ್ ನೆಲ ಹತ್ತಾರು ವರ್ಷಗಳಿಂದ ಏನೇನನ್ನೋ ಕುಡಿದಿರುತ್ತದೆ: ಇಂಜಿನ್ನಿನಿಂದ ಸೋರಿದ ಎಣ್ಣೆ, ಚಳಿಗಾಲದಲ್ಲಿ ಟೈರಿಗೆ ಮೆತ್ತಿಕೊಂಡು ಬಂದ ರಸ್ತೆಯ ಉಪ್ಪು, ಹಿಂದೆ ಯಾರೋ ಬಳಿದು ಮರೆತ ಸೀಲರ್. ಅದರ ಮೇಲೆಯೇ ಎಪಾಕ್ಸಿ ಬಣ್ಣ ಬಳಿದರೆ ನೆಲ ಕೆಲವು ವಾರ ಥಳಥಳಿಸುತ್ತದೆ. ಆಮೇಲೆ ಹೆದ್ದಾರಿಯಿಂದ ಬಂದ ಕಾರಿನ ಬಿಸಿ ಟೈರು ನಿಂತ ಜಾಗದಲ್ಲಿ ಬಣ್ಣ ಪದರಪದರವಾಗಿ ಎದ್ದು ಬರುತ್ತದೆ. ಇದಕ್ಕೆ ಬಣ್ಣವನ್ನು ದೂರಿ ಫಲವಿಲ್ಲ. ಅದು ಹಿಡಿದುಕೊಂಡದ್ದು ಕಾಂಕ್ರೀಟಿನ ಮೇಲಿದ್ದ ಜಿಡ್ಡನ್ನು. ಇಲ್ಲವೇ ನೆಲ ಹಾಕಿದ ದಿನ ನೀರಿನೊಂದಿಗೆ ಮೇಲೆದ್ದು ಒಣಗಿದ ಸಿಮೆಂಟ್ ಹಾಲಿನ ದುರ್ಬಲ ತೊಗಟೆಯನ್ನು. ಹಾಗಾಗಿಯೇ ಈ ಕೆಲಸ ಬಲ್ಲವರ ಶ್ರಮದ ಬಹುಪಾಲು ಉಜ್ಜುವುದರಲ್ಲೇ ಕಳೆಯುತ್ತದೆ. ಬಳಿಯುವುದು ಕೊನೆಯ ಸಣ್ಣ ಕೆಲಸ. ಧರ್ಮದ ಹಳೆಯ ಪ್ರಶ್ನೆಯೊಂದು ಇಲ್ಲಿ ಕಣ್ಣೆದುರಿಗೇ ನಿಲ್ಲುತ್ತದೆ: ಇರುವ ದೋಷವನ್ನು ಕಳೆಯದೆ ಹೊಸ ಸದ್ಗುಣವೊಂದು ಮನುಷ್ಯನಲ್ಲಿ ನಿಲ್ಲಬಲ್ಲದೇ? ನಿಲ್ಲಲಾರದು ಎಂಬುದು ನನ್ನ ವಾದ.

ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ಖಚಿತವಾಗಿ ಬಿಡಿಸಿಟ್ಟಿದ್ದಾರೆ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಸಂಸ್ಕಾರ ಎರಡು ಬಗೆಯಲ್ಲಿ ನಡೆಯುತ್ತದೆನ್ನುತ್ತಾರೆ: ಇಲ್ಲದ ಗುಣವನ್ನು ತಂದಿಡುವ ಗುಣಾಧಾನ, ಇರುವ ದೋಷವನ್ನು ತೆಗೆಯುವ ದೋಷಾಪನಯನ. ಆತ್ಮಕ್ಕೆ ಇವೆರಡೂ ಸಲ್ಲವು, ಆದ್ದರಿಂದ ಮೋಕ್ಷ ಯಾವ ಕ್ರಿಯೆಯ ಫಲವೂ ಅಲ್ಲ ಎಂದು ತೋರಿಸುವುದು ಅಲ್ಲಿ ಅವರ ಉದ್ದೇಶ. ಮನಸ್ಸಿನ ಮಾತು ಬೇರೆ. ಕರ್ಮದ ಪ್ರಯೋಜನ ಚಿತ್ತಶುದ್ಧಿ ಎಂದು ಅವರೇ ಗೀತಾಭಾಷ್ಯದಲ್ಲಿ ಮತ್ತೆಮತ್ತೆ ಹೇಳುತ್ತಾರೆ. ಅಂದಮೇಲೆ ಮನಸ್ಸಿನಲ್ಲಿ ಎರಡೂ ಸಂಸ್ಕಾರ ನಡೆಯಬೇಕು. ನಾನು ಒತ್ತಿ ಹೇಳುವುದು ಅವುಗಳ ಕ್ರಮವನ್ನು. ನಾವು ಸಾಮಾನ್ಯವಾಗಿ ಈ ಕ್ರಮವನ್ನು ತಿರುಗುಮುರುಗು ಮಾಡುತ್ತೇವೆ. ಹೊಸ ವ್ರತ ಹಿಡಿಯುತ್ತೇವೆ, ಹೊಸ ಜಪ ಶುರುಮಾಡುತ್ತೇವೆ, ಯಾತ್ರೆ ಹೊರಡುತ್ತೇವೆ. ಅಣ್ಣತಮ್ಮಂದಿರೊಡನೆ ಇರುವ ಹಗೆ, ಕೊಡದೆ ಉಳಿಸಿಕೊಂಡ ಹಣ, ಮನೆಯೊಳಗೆ ಸಲೀಸಾಗಿ ಆಡುವ ಸುಳ್ಳು ಇದ್ದ ಹಾಗೇ ಇರುತ್ತವೆ. ನೆಮ್ಮದಿಯ ದಿನಗಳಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಮಾನವೋ ನಷ್ಟವೋ ಎದುರಾದ ದಿನ ಹೊಸದಾಗಿ ಕಲಿತ ತಾಳ್ಮೆ ಕಳಚಿಬಿದ್ದು, ಕೆಳಗಿದ್ದ ಹಳೆಯ ಸಿಟ್ಟು ಕಾಣಿಸಿಕೊಳ್ಳುತ್ತದೆ.

ದೋಷ ಮೇಲಿನಿಂದ ಮಾತ್ರ ಬರುವುದಿಲ್ಲ ಎಂಬುದನ್ನೂ ನೆಲ ಕಲಿಸುತ್ತದೆ. ಕಾಂಕ್ರೀಟು ಎಷ್ಟೇ ಗಟ್ಟಿಯಾಗಿ ಕಂಡರೂ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುತ್ತವೆ. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸದೆ ಸುರಿದ ಹಳೆಯ ನೆಲಗಳಲ್ಲಿ ಮಣ್ಣಿನ ತೇವ ಆವಿಯಾಗಿ ಮೇಲೇರುತ್ತದೆ; ಬರಿ ನೆಲವಾದರೆ ಗಾಳಿಗೆ ಸೇರಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಪತ್ತೆಹಚ್ಚಲು 18 ಅಂಗುಲ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ ಕನಿಷ್ಠ 16 ಗಂಟೆ ಬಿಡುತ್ತಾರೆ. ತೆಗೆದಾಗ ಕೆಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪಿಟ್ಟಿದ್ದರೆ ತೇವ ಇದೆಯೆಂದು ಅರ್ಥ. ಅದನ್ನು ಲೆಕ್ಕಿಸದೆ ಬಿಗಿಯಾದ ಲೇಪನ ಕೊಟ್ಟರೆ ಗುಳ್ಳೆ ಏಳುತ್ತದೆ: ಅದುವರೆಗೆ ತೊಂದರೆ ಕೊಡದಿದ್ದ ತೇವ, ಮುಚ್ಚಿದ್ದರಿಂದಲೇ ಹಾನಿ ಮಾಡುತ್ತದೆ. ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳದೆ ಭಕ್ತಿಯಿಂದ ಮುಚ್ಚಿದವನಲ್ಲಿಯೂ ಆ ಅನ್ಯಾಯ ಸುಮ್ಮನಿರುವುದಿಲ್ಲ. ಪರರ ತಪ್ಪುಗಳ ಮೇಲಿನ ಅತಿಯಾದ ಕಾಠಿಣ್ಯವಾಗಿ, ತನ್ನ ಪುಣ್ಯದ ಲೆಕ್ಕಾಚಾರವಾಗಿ ಹೊರಬೀಳುತ್ತದೆ. ಕಠಿಣ ತಪಸ್ಸೊಂದೇ ಇದಕ್ಕೆ ಮದ್ದಲ್ಲ. ನೆಲ ತೊಳೆಯಲು ಬಳಸುವ ಆಮ್ಲವೂ ಹಾಗೆಯೇ: ಸಿಮೆಂಟಿನ ಮೇಲ್ಪದರವನ್ನು ಕರಗಿಸುತ್ತದೆ, ಎಣ್ಣೆಯನ್ನು ಮುಟ್ಟುವುದಿಲ್ಲ. ಎಣ್ಣೆಗೆ ಬೇರೆಯೇ ಮಾರ್ಜಕ ಬೇಕು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಸಣ್ಣ ಕಳವಿಗೆ ಕೃಚ್ಛ್ರವ್ರತವನ್ನು ವಿಧಿಸುವಾಗ, ಕದ್ದದ್ದನ್ನು ಹಿಂದಿರುಗಿಸಿ ವ್ರತ ಮಾಡಬೇಕೆನ್ನುತ್ತದೆ. ಎಷ್ಟು ದಿನ ಉಪವಾಸವಿದ್ದರೂ ಇನ್ನೊಬ್ಬರ ವಸ್ತು ಅವರ ಮನೆಗೆ ತಾನಾಗಿ ಮರಳುವುದಿಲ್ಲವಲ್ಲ.

ಭಕ್ತಿಮಾರ್ಗದವರು ಇಲ್ಲಿ ಗಟ್ಟಿಯಾದ ಆಕ್ಷೇಪವೊಂದನ್ನು ಎತ್ತಬಹುದು. ಭಗವಂತನ ಕೃಪೆ ನಮ್ಮ ಸಿದ್ಧತೆಗೆ ಕಾಯುತ್ತದೆಯೇ? ಭಾಗವತದ ಆರನೆಯ ಸ್ಕಂಧದ ಅಜಾಮಿಳ ಬದುಕೆಲ್ಲ ಕೆಟ್ಟು, ಸಾಯುವ ಗಳಿಗೆಯಲ್ಲಿ ಮಗನನ್ನು ನಾರಾಯಣ ಎಂದು ಕರೆದದ್ದಕ್ಕೇ ಯಮದೂತರಿಂದ ಬಿಡುಗಡೆ ಪಡೆದನಲ್ಲ? ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬದುಕಿಕೊಂಡ ಅಜಾಮಿಳ ತಾನು ತೊರೆದ ಹೆಂಡತಿಯನ್ನೂ ತಂದೆತಾಯಿಯರನ್ನೂ ನೆನೆದು ಪಶ್ಚಾತ್ತಾಪಪಡುತ್ತಾನೆ, ಗಂಗಾದ್ವಾರಕ್ಕೆ ಹೋಗಿ ಇಂದ್ರಿಯಗಳನ್ನು ಹಿಂತೆಗೆದು ಯೋಗದಲ್ಲಿ ನಿಲ್ಲುತ್ತಾನೆ, ಆಮೇಲೆಯೇ ವೈಕುಂಠ. ಕೃಪೆ ಅವನಿಗೆ ಕೊಟ್ಟದ್ದು ಉಜ್ಜಲು ಬೇಕಾದ ಅವಕಾಶವನ್ನು, ಉಜ್ಜುವ ಮನಸ್ಸನ್ನು. ಉಜ್ಜುವ ಕೆಲಸದಿಂದ ವಿನಾಯಿತಿ ಅವನಿಗೂ ಸಿಗಲಿಲ್ಲ.

ಎರಡನೆಯ ಆಕ್ಷೇಪ ಸೂಕ್ಷ್ಮವಾದದ್ದು. ದೋಷವೆಲ್ಲ ಹೋದ ಮೇಲೆಯೇ ಗುಣ ಎಂದರೆ ಯಾರೂ ಎಂದಿಗೂ ಒಳ್ಳೆಯದನ್ನು ಶುರುಮಾಡಲಾರರು. ಶುದ್ಧಿಯ ಗೀಳೇ ಹೊಸ ರೋಗವಾದೀತು. ಈ ಭಯ ಸಕಾರಣವಾದದ್ದು. ಆದರೆ ನೆಲ ಕೇಳುವುದು ಕಲೆಯಿಲ್ಲದ ಮೈಯನ್ನಲ್ಲ. ಹಳೆಯ ಕಲೆಯ ಬಣ್ಣ ಉಳಿದಿರಬಹುದು, ತುಂಬಿದ ಬಿರುಕಿನ ಗುರುತು ಇರಬಹುದು. ಕುಶಲಿಗರು ಹನಿ ನೀರು ಹಾಕಿ ನೋಡುತ್ತಾರೆ: ಮಣಿಯಾಗಿ ನಿಂತರೆ ಇನ್ನೂ ಜಿಡ್ಡೋ ಸೀಲರೋ ಇದೆ, ಇಂಗಿದರೆ ನೆಲ ಸಿದ್ಧ. ತೀರಾ ನುಣುಪಾಗಿ ಪಾಲಿಶ್ ಮಾಡಿದ ಕಾಂಕ್ರೀಟನ್ನು ಲೇಪನ ಹಿಡಿಯುವುದೇ ಇಲ್ಲ. ಅದಕ್ಕೆ ತುಸು ಒರಟು ಬೇಕು. ಇಂಟರ್‌ನ್ಯಾಷನಲ್ ಕಾಂಕ್ರೀಟ್ ರಿಪೇರ್ ಇನ್‌ಸ್ಟಿಟ್ಯೂಟ್ ಈ ಒರಟುತನವನ್ನು 1ರಿಂದ 10ರವರೆಗೆ ವಿಂಗಡಿಸಿದೆ. ತೆಳು ಲೇಪನಗಳಿಗೆ 1ರಿಂದ 3 ಸಾಕು. ಚಿತ್ತಶುದ್ಧಿಯ ಅಳತೆಯೂ ಹೀಗೆಯೇ ಇರಬೇಕು. ಬೈದು ಬುದ್ಧಿ ಹೇಳಿದ ಮಾತು ಒಳಗೆ ಇಳಿಯುತ್ತದೆಯೇ, ಮೇಲೆಯೇ ಉರುಳಿಹೋಗುತ್ತದೆಯೇ ಎಂಬುದೇ ಪರೀಕ್ಷೆ. ತನ್ನನ್ನು ತಾನು ದಂಡಿಸಿಕೊಳ್ಳುವುದಕ್ಕೂ ಮಿತಿಯಿದೆ: ಆಮ್ಲದಿಂದ ತೊಳೆದ ಮೇಲೆ ಅದರ ಶೇಷವನ್ನು ಚೆನ್ನಾಗಿ ಜಾಲಿಸದಿದ್ದರೆ ಉಳಿದ ಲವಣವೇ ಹೊಸ ಅಡ್ಡಿ. ಅಪರಾಧಪ್ರಜ್ಞೆ ತನ್ನ ಕೆಲಸ ಮುಗಿಸಿದ ಮೇಲೆ ಹೊರಟುಹೋಗಬೇಕು.

ಹಾಗೆಂದು ದೋಷ ತೆಗೆದ ಮಾತ್ರಕ್ಕೆ ಕೆಲಸ ಮುಗಿಯದು. ಉಜ್ಜಿ ತೆರೆದಿಟ್ಟ ಕಾಂಕ್ರೀಟನ್ನು ಹಾಗೇ ಬಿಟ್ಟರೆ ಮುಂದೆ ಬೀಳುವ ಎಣ್ಣೆಯನ್ನು ಅದು ಇನ್ನೂ ಬೇಗ ಹೀರುತ್ತದೆ. ಹಗೆ ಬಿಟ್ಟ ಮನಸ್ಸು ಸ್ನೇಹವನ್ನು ತುಂಬಿಕೊಳ್ಳದಿದ್ದರೆ ಇನ್ನೊಂದು ಹಗೆಗೆ ಜಾಗವಾಗುತ್ತದೆ. ಗುಣಾಧಾನ ಬೇಕೇ ಬೇಕು, ಅದರ ಸರದಿ ಬಂದಾಗ. ಆಗ ಅದು ನಿಲ್ಲುವ ರೀತಿಯೇ ಬೇರೆ. ಒಳ್ಳೆಯ ತಯಾರಿಯ ಮೇಲೆ ಕೂತ ಲೇಪನಕ್ಕೆ ಲೋಹದ ಬಿಲ್ಲೆ ಅಂಟಿಸಿ ಯಂತ್ರದಿಂದ ಎಳೆದರೆ, ಬೆಸುಗೆ ಬಿಡುವ ಮೊದಲು ಕಾಂಕ್ರೀಟೇ ಮುರಿದು ಬಿಲ್ಲೆಯ ಜೊತೆ ಬರುತ್ತದೆ. ಅಷ್ಟು ಗಟ್ಟಿಯಾಗಿ ಕೂತ ಸದ್ಗುಣಕ್ಕೆ ಮಾತ್ರ ಸ್ವಭಾವ ಎಂಬ ಹೆಸರು ಸಲ್ಲುತ್ತದೆ. ಆದ್ದರಿಂದ ಹೊಸ ವ್ರತದ ಸಂಕಲ್ಪ ಮಾಡುವವರು ಯಾವ ದೇವರು, ಯಾವ ಮಂತ್ರ ಎಂದು ಹುಡುಕುವ ಮೊದಲು ಯಾರಿಗೆ ಏನನ್ನು ಹಿಂದಿರುಗಿಸಬೇಕಾಗಿದೆ, ಯಾರ ಬಳಿ ತಪ್ಪೊಪ್ಪಿಕೊಳ್ಳಬೇಕಾಗಿದೆ ಎಂದು ವಿಚಾರಿಸಿಕೊಳ್ಳಲಿ. ಅದನ್ನು ಮಾಡುವುದೂ ಪೂಜೆಯೇ, ಮತ್ತು ಉಳಿದ ಪೂಜೆಗಳಿಗಿಂತ ಮೊದಲಿನದು.