ಕೈಗುಣ, ಕಾಲ್ಗುಣ

ಇಂದಿನ ಧಮ್ಮ ಚಿಂತನೆ.

ನಮ್ಮ ಕನ್ನಡದಲ್ಲಿ ಎರಡು ಮಾತುಗಳಿವೆ: ಕೈಗುಣ, ಕಾಲ್ಗುಣ. ಡಾಕ್ಟರ ಕೈಗುಣ ಚೆನ್ನಾಗಿದೆ ಎನ್ನುತ್ತೇವೆ, ಅದು ಹೊಗಳಿಕೆ. ಸೊಸೆ ಮನೆಗೆ ಬಂದ ತಿಂಗಳಲ್ಲೇ ಹಸು ಸತ್ತರೆ ಅವಳ ಕಾಲ್ಗುಣ ಎನ್ನುತ್ತಾರೆ. ಅದು ಆ ಹುಡುಗಿ ಜೀವನವಿಡೀ ಹೊರಬೇಕಾದ ಶಿಕ್ಷೆ. ಎರಡರಲ್ಲೂ ಲೆಕ್ಕ ಒಂದೇ. ಒಂದು ನಡೆಯಿತು, ಆಮೇಲೆ ಇನ್ನೊಂದು ನಡೆಯಿತು. 'ಆಮೇಲೆ' ಎಂಬ ಪದವನ್ನು ಒರೆಸಿ ಆ ಜಾಗದಲ್ಲಿ 'ಆದ್ದರಿಂದ' ಎಂದು ಬರೆದುಬಿಡುತ್ತೇವೆ. ತರಗತಿಯಲ್ಲಿ ನಾನು ಎರಡನ್ನೂ ಅವ್ಯಯ ಎಂದೇ ಹೇಳಿಕೊಡುತ್ತೇನೆ. ಆದರೆ ಈ ಎರಡು ಪದ ಅದಲುಬದಲಾದಾಗ ನಮ್ಮ ಹಿರಿಯರು ತೆತ್ತ ಬೆಲೆ ಯಾವ ವ್ಯಾಕರಣದ ಪುಸ್ತಕದಲ್ಲೂ ಇಲ್ಲ.

ಸಂಯುತ್ತ ನಿಕಾಯದಲ್ಲಿ ಸಿವಕ ಸುತ್ತ ಎಂಬ ಪುಟ್ಟ ಸುತ್ತವಿದೆ. ರಾಜಗೃಹದ ವೇಳುವನಕ್ಕೆ ಮೋಳಿಯ ಸಿವಕ ಎಂಬ ಪರಿವ್ರಾಜಕ ಬಂದು ಭಗವಾನರನ್ನು ಕೇಳುತ್ತಾನೆ: ಮನುಷ್ಯನಿಗೆ ಬರುವ ನೋವು ನಲಿವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ತಾವೇನು ಹೇಳುತ್ತೀರಿ? ಬುದ್ಧರು ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ವೈದ್ಯನ ಹಾಗೆ ಎಣಿಸುತ್ತಾರೆ. ನೋವು ಪಿತ್ತದಿಂದ ಬರಬಹುದು, ಕಫದಿಂದ ಬರಬಹುದು, ವಾತದಿಂದ ಬರಬಹುದು, ಈ ಮೂರೂ ಕೂಡಿದ್ದರಿಂದ ಬರಬಹುದು. ಹವಾಮಾನ ಬದಲಾದದ್ದರಿಂದ, ಸರಿಯಾಗಿ ಆರೈಕೆ ಇಲ್ಲದ್ದರಿಂದ, ಹೊರಗಿನ ಪೆಟ್ಟಿನಿಂದಲೂ ಬರಬಹುದು. ಕರ್ಮದ ಫಲ ಎಂಬುದು ಎಂಟನೆಯದು, ಕೊನೆಯದು. ಎಲ್ಲ ನೋವಿಗೂ ಹಿಂದಿನದೇ ಕಾರಣ ಎನ್ನುವವರು ತಾವೇ ಅನುಭವದಿಂದ ಬಲ್ಲದ್ದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವರ ಉತ್ತರದ ತಾತ್ಪರ್ಯ.

ಈ ಪಟ್ಟಿಯಲ್ಲಿ ನಾಲ್ಕನೆಯದನ್ನು ನೆನಪಿಡಿ. ಪಾಳಿಯಲ್ಲಿ ಅದು ಸನ್ನಿಪಾತಿಕ, ಅಂದರೆ ಕೂಡುವಿಕೆಯಿಂದ ಹುಟ್ಟಿದ್ದು. ನಾನು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ನನ್ನ ಮಗನ ಕಂಪ್ಯೂಟರಿನಿಂದ. ನಗಬೇಡಿ.

ಮಗ ಡಿಪ್ಲೊಮಾ ಓದುತ್ತಿದ್ದಾನೆ. ಕ್ಯಾಬಿನೆಟ್ ಒಂದು ಕಡೆ, ಎಸ್‌ಎಂಪಿಎಸ್ ಇನ್ನೊಂದು ಕಡೆ, ಗ್ರಾಫಿಕ್ಸ್ ಕಾರ್ಡನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಮನೆಯಲ್ಲೇ ಕೂತು ಜೋಡಿಸಿದ. ಕಾರು ಓಡಿಸುವ ಆಟ ಆಡುತ್ತಾನೆ, ಆ ಆಟಗಳನ್ನು ಮಾಡುವುದನ್ನೂ ಕಲಿಯುತ್ತಾನೆ. ಅವನ ಗೆಳೆಯನೊಬ್ಬ ತನ್ನ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ 8 ಜಿಬಿಯ ಎರಡು ರ‍್ಯಾಮ್ ತಂದು, ಮೊದಲೇ ಇದ್ದ ಎರಡರ ಜೊತೆ ತಾನೇ ಹಾಕಿಕೊಟ್ಟ. ಒಟ್ಟು 32 ಜಿಬಿ. ಹುಡುಗರಿಗೆ ಹಬ್ಬ. ಮಾರನೆಯ ದಿನದಿಂದ ತೊಂದರೆ ಶುರು. ಆಟ ಅರ್ಧ ಗಂಟೆ ನಡೆದು ತಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಕೆಲವು ಸಲ ನೀಲಿ ಪರದೆ. ಅದರಲ್ಲಿ ಬರುವ ದೋಷದ ಹೆಸರೂ ಒಂದು ದಿನದ್ದು ಇನ್ನೊಂದು ದಿನ ಇಲ್ಲ.

ಊರಿನಿಂದ ಬಂದಿದ್ದ ನಮ್ಮ ಭಾವ ಎರಡು ದಿನ ಇದನ್ನು ನೋಡಿದರು. ಮೂರನೆಯ ದಿನ ಆ ಗೆಳೆಯನ ಎದುರಿಗೇ ಅಂದರು: "ಇವನು ಮುಟ್ಟಿದ ಮೇಲೇ ಅಲ್ವಾ ಕೆಟ್ಟಿದ್ದು? ಕೆಲವರ ಕೈಗುಣ ಹಾಗೆ." ಒಂದು ನಿಂಬೆಹಣ್ಣು ನೀವಾಳಿಸಿ ಎಸೆಯಿರಿ ಎಂದೂ ಸೇರಿಸಿದರು. ಭಾವ ಒಳ್ಳೆಯವರು. ದೀಕ್ಷೆಯ ದಿನ ನಮ್ಮ ಪಕ್ಕದಲ್ಲೇ ನಿಂತು 22 ಪ್ರತಿಜ್ಞೆ ಹೇಳಿದವರು. ಆ ಹುಡುಗ ಏನೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ, ಆಮೇಲೆ ಬರಲಿಲ್ಲ.

ನನಗೆ ಆಟದ ಚಿಂತೆ ಇರಲಿಲ್ಲ. ಮುಟ್ಟಿದ್ದರಿಂದ ಕೆಟ್ಟಿತು ಎಂಬ ವಾಕ್ಯ ಬುದ್ಧನ ಪಟವಿರುವ ನಮ್ಮ ಹಜಾರದಲ್ಲಿ ಹುಟ್ಟಿತಲ್ಲ, ಆ ಚಿಂತೆ. ಮಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ದಿನಾಂಕ, ಯಾವ ಆಟ, ಎಷ್ಟು ಹೊತ್ತಿಗೆ ನಿಂತಿತು, ಬಿಸಿ ಎಷ್ಟಿತ್ತು, ಏನು ಬದಲಿಸಿದೆ, ಎಲ್ಲವನ್ನೂ ಬರೆಯುವುದು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಜ್ವರಕ್ಕೆ ಮಾತ್ರೆಯನ್ನೂ ನುಂಗಿ ತಾಯತವನ್ನೂ ಕಟ್ಟಿಸಿಕೊಂಡವನು ವಾಸಿಯಾದ ಮೇಲೆ ಕೈ ಮುಗಿಯುವುದು ತಾಯತಕ್ಕೇ. ಮಾತ್ರೆಗೆ ಯಾರೂ ಕೈ ಮುಗಿದದ್ದು ನಾನು ನೋಡಿಲ್ಲ.

ಮೊದಲು ಆಟದ ಕಡತಗಳು ಸರಿ ಇವೆಯೇ ಎಂದು ಪರೀಕ್ಷಿಸಿದೆವು. ಸರಿ ಇದ್ದವು. ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆವು. ಆಟ ಮತ್ತೆ ನಿಂತಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಫ್ಯಾನ್ ಇಟ್ಟೆವು. ಬಿಸಿ ಇಳಿಯಿತು, ತೊಂದರೆ ಇಳಿಯಲಿಲ್ಲ. ಹಾಗಾದರೆ ಬಿಸಿ ಕಾರಣವಲ್ಲ. ನಾಲ್ಕನೆಯ ಸಲ ಗೆಳೆಯ ತಂದಿದ್ದ ಎರಡು ರ‍್ಯಾಮ್ ತೆಗೆದೆವು. ಆಟ ಮೂರು ಗಂಟೆ ನಿಲ್ಲದೆ ನಡೆಯಿತು.

ಭಾವ ನಕ್ಕರು. "ನಾನು ಹೇಳಲಿಲ್ವಾ ಮೇಷ್ಟ್ರೇ?"

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಜನ ಇಲ್ಲಿಗೇ ಕೈ ತೊಳೆದುಕೊಂಡು ಎದ್ದುಬಿಡುತ್ತಾರೆ. ಸಾಕ್ಷಿ ಸಿಕ್ಕಿತಲ್ಲ, ಅವನು ತಂದದ್ದನ್ನು ತೆಗೆದರೆ ಸರಿಯಾಯಿತಲ್ಲ. ಪಟಿಚ್ಚಸಮುಪ್ಪಾದವನ್ನು ಬಾಯಿಪಾಠ ಮಾಡಿದವರು ಕೂಡ ಇಲ್ಲಿ ಎಡವಬಹುದು. ಒಂದು ಇದ್ದಾಗ ಇನ್ನೊಂದು ಉಂಟಾಗುತ್ತದೆ, ಅದು ಇಲ್ಲವಾದರೆ ಇದೂ ಇಲ್ಲ ಎಂಬುದನ್ನು ನೋಡಿಯಾಯಿತು ಎಂದುಕೊಳ್ಳುತ್ತಾರೆ. ಆದರೆ ನಾವು ತೆಗೆದದ್ದು ಅವನ ರ‍್ಯಾಮನ್ನು ಮಾತ್ರವೇ? ಎರಡು ಜೊತೆ ಒಟ್ಟಿಗೆ ಇರುವುದನ್ನೂ ತೆಗೆದಂತಾಯಿತು. ಇವೆರಡರಲ್ಲಿ ಕಾರಣ ಯಾವುದು?

ಅದಕ್ಕೆ ತಿರುಗಿಸಿ ನೋಡಿದೆವು. ನಮ್ಮ ಎರಡನ್ನೂ ಬಿಚ್ಚಿ, ಅವನ ಎರಡನ್ನು ಮಾತ್ರ ಹಾಕಿ, ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ಒಂದೂ ದೋಷವಿಲ್ಲ. ಮರುರಾತ್ರಿ ನಮ್ಮ ಎರಡಕ್ಕೆ ಅದೇ ಪರೀಕ್ಷೆ. ಅಲ್ಲೂ ದೋಷವಿಲ್ಲ. ಮೂರನೆಯ ರಾತ್ರಿ ನಾಲ್ಕನ್ನೂ ಸೇರಿಸಿ ಓಡಿಸಿದರೆ ಪರದೆಯ ಮೇಲೆ ಕೆಂಪು ಸಾಲುಗಳು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆ ಹಾಕಿತ್ತು. ಅದರಿಂದ ರ‍್ಯಾಮ್ 3600ರ ವೇಗದಲ್ಲಿ ಓಡುತ್ತಿತ್ತು. ಅದನ್ನು 3200ಕ್ಕೆ ಇಳಿಸಿ ನಾಲ್ಕನೆಯ ರಾತ್ರಿ ನಾಲ್ಕಕ್ಕೂ ಪರೀಕ್ಷೆ. ದೋಷವಿಲ್ಲ. ಅವತ್ತಿನಿಂದ ಆಟ ನಿಂತಿಲ್ಲ.

ಇದರಲ್ಲಿ ಮಾಯೆಯೇನೂ ಇಲ್ಲ. ಡಬ್ಬದ ಮೇಲೆ ಬರೆದ ಆ ವೇಗ ಒಟ್ಟಿಗೆ ಮಾರಿದ ಜೊತೆಗೆ ಮಾತ್ರ ಪರೀಕ್ಷಿಸಿ ಹೇಳಿದ್ದು. ಬೇರೆ ಬೇರೆ ಕೊಂಡ ಎರಡು ಜೊತೆಗಳ ಒಳಗಿನ ಚಿಪ್ಪುಗಳು ಬೇರೆ ಇರಬಹುದು, ನಾಲ್ಕು ಸೇರಿದಾಗ ಅವನ್ನು ನಡೆಸುವ ಪ್ರೊಸೆಸರಿನ ಮೇಲೆ ಹೊರೆಯೂ ಹೆಚ್ಚುತ್ತದೆ. ತಪ್ಪು ನಮ್ಮ ರ‍್ಯಾಮ್‌ನಲ್ಲೂ ಇರಲಿಲ್ಲ, ಅವನದರಲ್ಲೂ ಇರಲಿಲ್ಲ. ಆ ವೇಗದಲ್ಲಿ ಅವು ಕೂಡಿದ್ದರಲ್ಲಿ ಇತ್ತು. ಸಿವಕನಿಗೆ ಹೇಳಿದ ನಾಲ್ಕನೆಯ ಕಾರಣ.

ದೊಡ್ಡ ಮಟ್ಟದಲ್ಲೂ ಇಂಥದ್ದು ನಡೆದಿದೆ. ಇಂಟೆಲ್ ಕಂಪನಿಯ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳಿದ್ದ ಕಂಪ್ಯೂಟರುಗಳಲ್ಲಿ ಆಟಗಳು ನಿಂತಾಗ, ಪರದೆಯ ಮೇಲೆ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಎಷ್ಟೋ ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು. ತೊಂದರೆ ಇದ್ದದ್ದು ಪ್ರೊಸೆಸರಿನಲ್ಲಿ, ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಯಂತ್ರ ತಾನೇ ಬೆರಳು ತೋರಿಸಿದರೂ ನಂಬಲಾಗದು ಎಂದ ಮೇಲೆ ಮನುಷ್ಯರು ತೋರಿಸುವ ಬೆರಳಿನ ಮಾತೇನು?

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನು ಶುದ್ಧ ಮಾಡುತ್ತೇವೆಂದು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಅದಕ್ಕೆ ಸುರಿದರು. ನೀರನ್ನು ಯಾರೂ ಪರೀಕ್ಷಿಸಲಿಲ್ಲ. ಮುಟ್ಟಿದವರು ಯಾರು ಎಂಬುದಷ್ಟೇ ಅವರಿಗೆ ಸಾಕಿತ್ತು. ಬಡವನ ಬಡತನಕ್ಕೆ ಅವನ ಪೂರ್ವಜನ್ಮವೇ ಕಾರಣ ಎಂದರೆ ರಾಜ್ಯವೂ ಸಮಾಜವೂ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತೋರಿಸಿಕೊಟ್ಟದ್ದು ಇದೇ ರೋಗವನ್ನು. ಕಾರಣ ಹುಡುಕುವ ಶ್ರಮ ಬೇಡವಾದವನಿಗೆ ಆರೋಪಿ ಬೇಕು. ಆರೋಪಿ ಯಾವಾಗಲೂ ತನಗಿಂತ ಕೆಳಗೆ ಸಿಗುತ್ತಾನೆ. ನಮಗೂ ಕೆಳಗೆ ಸಿಗುತ್ತಾರೆ: ಚಿಕ್ಕವರು, ಸೊಸೆಯಂದಿರು, ಮನೆಗೆ ಬರುವ ಬಡ ಹುಡುಗರು.

ಮಗ ನೋಟ್‌ಬುಕ್ಕನ್ನು ಮಾವನ ಮುಂದೆ ಇಟ್ಟ. ಭಾವ ಕನ್ನಡಕ ಹಾಕಿಕೊಂಡು ನಾಲ್ಕು ರಾತ್ರಿಗಳ ಲೆಕ್ಕವನ್ನು ಎರಡು ಸಲ ಓದಿದರು. ಸಂಜೆ ಮಗನ ಬೈಕಿನ ಹಿಂದೆ ಕೂತು ಆ ಹುಡುಗನ ಮನೆಗೆ ತಾವೇ ಹೋದರು. ಅಲ್ಲಿ ಏನು ಮಾತಾಡಿದರೋ ನಾನು ಕೇಳಿಲ್ಲ.

ಈ ಭಾನುವಾರದ ಅಧ್ಯಯನಕ್ಕೆ ಸಿವಕ ಸುತ್ತವನ್ನೇ ಇಟ್ಟುಕೊಂಡಿದ್ದೇವೆ. ಬರುವಾಗ ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಕೈಗುಣ, ಕಾಲ್ಗುಣ, ದೃಷ್ಟಿ ಎಂದು ಯಾರ ಮೇಲಾದರೂ ಹೊರಿಸಿದ ಒಂದು ಸಂಗತಿಯನ್ನು ಬರೆದುಕೊಂಡು ಬನ್ನಿ. ಹೆಸರು ಬೇಡ. ಎಂಟು ಕಾರಣಗಳಲ್ಲಿ ಅದು ಎಲ್ಲಿ ಕೂರುತ್ತದೆ ಎಂದು ಒಟ್ಟಿಗೆ ಕೂತು ಹುಡುಕೋಣ. ಹೆಣ್ಣುಮಕ್ಕಳು ದಯವಿಟ್ಟು ತಪ್ಪಿಸಬೇಡಿ, ಕಾಲ್ಗುಣದ ಕಥೆಗಳು ನಿಮ್ಮ ಹತ್ತಿರವೇ ಹೆಚ್ಚು ಇರುತ್ತವೆ.

ಜೈಭೀಮ್.