ಬಗ್ಗಬೇಕಾದವರು ಯಾರು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಮಕ್ಕಳನ್ನು ತಿದ್ದುವ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಈ ಗಾದೆ ಎದ್ದು ನಿಲ್ಲುತ್ತದೆ. ಪುಸ್ತಕ ಮುಟ್ಟದ ಹುಡುಗ, ಎದುರುತ್ತರ ಕೊಡುವ ಹುಡುಗಿ, ಕೇಳಿದ್ದೆಲ್ಲ ಕೈಗೆ ಸಿಗಬೇಕೆನ್ನುವ ಮೊಮ್ಮಗ, ಎಲ್ಲರಿಗೂ ಇದೇ ಮದ್ದು. ಆದರೆ ಇದನ್ನೇ ದನಿ ತಗ್ಗಿಸಿ ಹೇಳುವ ಇನ್ನೊಂದು ಸಂದರ್ಭವಿದೆ. ನಲವತ್ತೈದು ದಾಟಿದ ದಂಪತಿ ಏಳೆಂಟು ವರ್ಷದ ಮಗುವನ್ನು ದತ್ತು ತೆಗೆದುಕೊಳ್ಳುತ್ತೇವೆ ಎಂದು ಮನೆಯವರಿಗೆ ತಿಳಿಸಿದಾಗ. “ಎಳೆಗೂಸಾದರೆ ನಮ್ಮ ರೀತಿಗೆ ಬೆಳೆಸಬಹುದಿತ್ತು. ಇಷ್ಟು ದೊಡ್ಡದಾದ ಮೇಲೆ ಅದು ನಿಮ್ಮ ಮಾತು ಕೇಳುತ್ತದೆಯೇ?” ಹೀಗೆ ಹೇಳುವ ಅತ್ತಿಗೆಗೋ ದೊಡ್ಡಪ್ಪನಿಗೋ ಕೆಟ್ಟ ಮನಸ್ಸಿಲ್ಲ. ಆದರೆ ಎಷ್ಟೋ ಮಕ್ಕಳ ಪಾಲಿಗೆ ಬಾಗಿಲು ಮುಚ್ಚಿರುವುದು ಈ ಒಂದು ಗಾದೆಯಿಂದ.

ಗಾದೆಯನ್ನು ತಳ್ಳಿಹಾಕಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಸರಿಯಾದವರ ಕಡೆಗೆ ತಿರುಗಿಸಬೇಕು. ಆ ಮನೆಯಲ್ಲಿ ಮರ ಯಾರು? ಎಂಟು ವರ್ಷದ ಮಗುವಂತೂ ಅಲ್ಲ. ಇಪ್ಪತ್ತು ವರ್ಷ ಇಬ್ಬರೇ ಇದ್ದು, ಇಬ್ಬರಿಗೇ ಒಗ್ಗಿಹೋದ ಗಂಡಹೆಂಡತಿ ಅಲ್ಲಿ ಬಲಿತ ಮರಗಳು. ಬೆಳಗಿನ ಕಾಫಿಗೆ ಒಂದು ಹೊತ್ತು, ಪೇಪರಿಗೆ ಒಂದು ಕುರ್ಚಿ, ರಾತ್ರಿ ಒಂಬತ್ತಕ್ಕೆ ನ್ಯೂಸು, ಭಾನುವಾರ ಮಧ್ಯಾಹ್ನ ಯಾರೂ ಎಬ್ಬಿಸಬಾರದ ನಿದ್ದೆ, ಶೋಕೇಸಿನಲ್ಲಿ ಯಾರೂ ಮುಟ್ಟದ ಗಾಜಿನ ಬೊಂಬೆ. ಇಂಥ ಮನೆಯೊಳಗೆ ಒಂದು ದಿನ ಒಂದು ಜೀವ ಚಪ್ಪಲಿ ಕಳಚಿ ಒಳಗೆ ಬರುತ್ತದೆ. ಬಗ್ಗೀತೇ ಎಂಬ ಪ್ರಶ್ನೆಯನ್ನು ಆಗ ಕೇಳಬೇಕಾದದ್ದು ದೊಡ್ಡವರನ್ನು.

ಹೀಗೆ ದೊಡ್ಡ ವಯಸ್ಸಿನವರೂ ದೊಡ್ಡ ಮಕ್ಕಳೂ ಸೇರುವಂತೆ ನಮ್ಮ ಕಾನೂನೇ ದಾರಿ ಮಾಡಿಟ್ಟಿದೆ. ಬಾಲನ್ಯಾಯ ಕಾಯ್ದೆಯಡಿ 2022ರಲ್ಲಿ ಬಂದ ದತ್ತು ನಿಯಮಗಳು ಗಂಡಹೆಂಡಿರ ವಯಸ್ಸನ್ನು ಕೂಡಿಸಿ ನೋಡುತ್ತವೆ. ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಮೊತ್ತ 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ನಾಲ್ಕರಿಂದ ಎಂಟರವರಿಗೆ 100. ಅದಕ್ಕೂ ದೊಡ್ಡ ಮಕ್ಕಳಿಗೆ 110. ಒಂಟಿಯಾಗಿ ದತ್ತು ಪಡೆಯುವವರಿಗೆ ಈ ಮಿತಿ ಕ್ರಮವಾಗಿ 40, 45, 50, 55. ಮಗುವಿಗೂ ತಂದೆತಾಯಿಗೂ ನಡುವೆ 25 ವರ್ಷವಾದರೂ ಅಂತರವಿರಬೇಕು. ಗಂಡನಿಗೆ 48, ಹೆಂಡತಿಗೆ 45 ಆಗಿರುವಾಗ ಹೆಸರು ನೋಂದಾಯಿಸಿದರೆ ಕೂಡಿದ ವಯಸ್ಸು 93. ಮಡಿಲ ಕೂಸು ಅವರಿಗಿಲ್ಲ. ನಾಲ್ಕು ದಾಟಿದ ಮಗುವಿದೆ. ಚಿಕಿತ್ಸೆ, ಹರಕೆ, ಮತ್ತೆ ಚಿಕಿತ್ಸೆ ಎಂದು ಹತ್ತು ಹದಿನೈದು ವರ್ಷ ಕಳೆದು ಕೊನೆಗೆ ದತ್ತಿನ ಕಡೆ ಮುಖ ಮಾಡಿದವರಿಗೆ ಈ ಲೆಕ್ಕ ಕ್ರೂರವೆನಿಸುತ್ತದೆ. ನನಗೆ ಅದು ಸರಿಯೆಂದೇ ತೋರುತ್ತದೆ. ಒಮ್ಮೆ ತಂದೆತಾಯಿಯರನ್ನು ಕಳೆದುಕೊಂಡ ಮಗು ಕಾಲೇಜು ಮೆಟ್ಟಿಲು ಹತ್ತುವ ಮುಂಚೆ ಇನ್ನೊಮ್ಮೆ ಕಳೆದುಕೊಳ್ಳುವಂತೆ ಆಗಬಾರದು.

ಇದು ಎಷ್ಟು ದೊಡ್ಡ ಬದಲಾವಣೆಯೆಂದು ತಿಳಿಯಲು ಮೈಸೂರಿನ ಕಡೆ ನೋಡಿದರೆ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಮಗುವಿಗೆ ಎರಡು ವರ್ಷ, ದೊರೆಗೆ ಎಪ್ಪತ್ತು. 1868ರಲ್ಲಿ ದೊರೆ ತೀರಿಕೊಂಡರು. ಐದು ವರ್ಷದ ಆ ಮಗುವಿಗೆ ಮತ್ತೆ ತಂದೆಯಿಲ್ಲ. ಆ ದತ್ತಕದ ಸುತ್ತ ನಡೆದ ಓಡಾಟ, ಬರೆದ ಪತ್ರ, ಬ್ರಿಟಿಷರು ಒಪ್ಪುವರೋ ಇಲ್ಲವೋ ಎಂಬ ಆತಂಕ ಎಲ್ಲವೂ ಸಿಂಹಾಸನದ್ದು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೆ ಯುದ್ಧವೇ ಆಯಿತು. ಅರಮನೆಗಳಲ್ಲಿ ಮಾತ್ರ ಹೀಗಲ್ಲ, ಸಾಮಾನ್ಯ ಮನೆಗಳಲ್ಲೂ ದತ್ತಕವೆಂದರೆ ಹೆಸರು ಹೇಳುವವನು, ಆಸ್ತಿ ನೋಡಿಕೊಳ್ಳುವವನು, ಪಿಂಡ ಇಡುವವನು ಬೇಕೆಂಬ ಏರ್ಪಾಡಾಗಿತ್ತು. ‘ಅಪುತ್ರಸ್ಯ ಗತಿರ್ನಾಸ್ತಿ’ ಎಂಬ ಮಾತು ಬೆನ್ನ ಹಿಂದೆ ನಿಂತು ನೂಕುತ್ತಿತ್ತು. ಆದ್ದರಿಂದ ಗಂಡುಮಗುವೇ ಆಗಬೇಕು, ದಾಯಾದಿಗಳಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು, ಹೆಂಗಸೂ ತನ್ನ ಹಕ್ಕಿನಿಂದಲೇ ದತ್ತು ಪಡೆಯಬಹುದೆಂದು ಹಿಂದೂಗಳಿಗೆ ಕಾನೂನು ಹೇಳಿದ್ದು 1956ರಲ್ಲಿ. ಯಾವ ಧರ್ಮದವರಾದರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2014ರಲ್ಲಿ. ಹಳೆಯ ದತ್ತಕದಲ್ಲಿ ಮನೆಯ ಅಗತ್ಯಕ್ಕೆ ಮಗು ಬಗ್ಗಬೇಕಿತ್ತು, ಅದಕ್ಕೇ ಬೇಗ ಬಗ್ಗುವ ಎಳೆಯ ಗಿಡ ಬೇಕಿತ್ತು. ಗಾದೆ ಆ ಲೋಕಕ್ಕೆ ಸರಿಯಾಗಿ ಹೊಂದುತ್ತಿತ್ತು.

ಈಗಿನ ನಿಯಮದಲ್ಲಿ ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಗಿಡವನ್ನು ಕೇಳಿ ನೆಡುವ ಕಾಲವನ್ನು ಗಾದೆ ಕಟ್ಟಿದವರು ಊಹಿಸಿರಲಾರರು. ಆ ಮಗುವಿಗೆ ಏನು ಅರ್ಥವಾಗುತ್ತದೆ, ಅದು ತಲೆ ಆಡಿಸಿದ್ದೇ ಒಪ್ಪಿಗೆಯೇ ಎಂದು ಕೇಳುವವರಿದ್ದಾರೆ. ಪೂರ್ತಿ ಅರ್ಥವಾಗದಿರಬಹುದು. ಆದರೂ ಕೇಳುವ ದೊಡ್ಡವರಿಗೆ ಆ ಒಂದು ಕ್ಷಣದಲ್ಲಿ ಅರ್ಥವಾಗಬೇಕಾದದ್ದು ಬಹಳವಿದೆ. ತಮ್ಮೆದುರು ಕೂತಿರುವ ಮಗುವಿಗೆ ಈಗಾಗಲೇ ಒಂದು ಹೆಸರಿದೆ, ಒಂದು ಭಾಷೆಯಿದೆ, ನೆನಪಿದೆ, ಇಷ್ಟದ ಗೆಳೆಯನೊಬ್ಬನಿದ್ದಾನೆ.

ಇನ್ನು ‘ಬಗ್ಗದು’ ಎಂಬ ಭಯ. ಸಂಸ್ಥೆಯಲ್ಲಿ ಬೆಳೆದ ಮಗು ಬಗ್ಗುವುದನ್ನು ಬೇಕಾದ್ದಕ್ಕಿಂತ ಹೆಚ್ಚು ಕಲಿತಿರುತ್ತದೆ. ಗಂಟೆ ಹೊಡೆದಾಗ ಏಳುವುದು, ಸಾಲಿನಲ್ಲಿ ನಿಂತು ತಟ್ಟೆ ಹಿಡಿಯುವುದು, ಬಂದ ಅತಿಥಿಗಳ ಮುಂದೆ ಹಾಡು ಹೇಳುವುದು, ತನ್ನದೆಂಬ ಪೆಟ್ಟಿಗೆಯಿಲ್ಲದೆ ಬದುಕುವುದು. ಹೊಸ ಮನೆಗೆ ಬಂದ ಮೊದಲ ವಾರಗಳಲ್ಲಿ ಅದು ನೀರು ಕುಡಿಯಲೂ ಅಪ್ಪಣೆ ಕೇಳುತ್ತದೆ. ಬಡಿಸಿದ್ದನ್ನೆಲ್ಲ ತಿನ್ನುತ್ತದೆ. ಮನೆಗೆ ಬಂದ ಹೆಂಗಸರನ್ನೆಲ್ಲ ಅಮ್ಮ ಎನ್ನುತ್ತದೆ, ಗುರುತೇ ಇಲ್ಲದವರ ಮಡಿಲಲ್ಲೂ ಹೋಗಿ ಕೂರುತ್ತದೆ. ನೆಂಟರು ಮೆಚ್ಚುತ್ತಾರೆ: ಎಷ್ಟು ಒಳ್ಳೆಯ ಮಗು, ಎಷ್ಟು ಬೇಗ ಹೊಂದಿಕೊಂಡಿತು! ಈ ಒಳ್ಳೆಯತನದ ಹಿಂದೆ ಹೆದರಿಕೆಯಿದೆ. ತಪ್ಪು ಮಾಡಿದರೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ.

ಆಮೇಲೆ ಒಂದು ದಿನ ಅದೇ ಮಗು ತಟ್ಟೆ ತಳ್ಳುತ್ತದೆ. ಸುಳ್ಳು ಹೇಳುತ್ತದೆ. ಶಾಲೆಯಿಂದ ದೂರು ಬರುತ್ತದೆ. ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಒಣಗಿದ ಚಪಾತಿ ಸಿಗುತ್ತದೆ. “ನೀವು ನನ್ನ ಅಮ್ಮ ಅಲ್ಲ” ಎಂಬ ಮಾತೂ ಬರುತ್ತದೆ. ಈ ಹಂತದಲ್ಲಿ ದೊಡ್ಡವರ ಎದೆ ಒಡೆಯುತ್ತದೆ, ಗಾದೆ ಹೇಳಿದವರು ಮತ್ತೆ ನೆನಪಾಗುತ್ತಾರೆ. ಅಂತಿಮ ಆದೇಶ ಬರುವ ಮುನ್ನವೇ ಕೆಲವರು ಮಗುವನ್ನು ಸಂಸ್ಥೆಗೆ ಮರಳಿ ಬಿಟ್ಟುಬರುವುದೂ ಉಂಟು. ಹಾಗೆ ಮರಳುವವರಲ್ಲಿ ದೊಡ್ಡ ಮಕ್ಕಳೇ ಹೆಚ್ಚು. ಆದರೆ ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದ ಸಮಾಜ ಕಾರ್ಯಕರ್ತರು ತಟ್ಟೆ ತಳ್ಳಿದ ಆ ದಿನವನ್ನು ಬೇರೆ ರೀತಿ ನೋಡುತ್ತಾರೆ. ಮಗು ಮೊದಲ ಸಲ ಧೈರ್ಯ ಮಾಡಿದೆ. ಕೆಟ್ಟದಾಗಿ ನಡೆದುಕೊಂಡರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳುತ್ತಿದೆ. ಹೆತ್ತವರ ಮಡಿಲಲ್ಲಿ ಬೆಳೆದ ಮಗು ಎರಡು ವರ್ಷಕ್ಕೇ ಕೇಳಿ ಮುಗಿಸಿದ ಪ್ರಶ್ನೆ ಅದು. ಕೇಳಲು ಯಾರೂ ಇಲ್ಲದೆ ಇದ್ದವರು ಎಂಟರಲ್ಲೋ ಹತ್ತರಲ್ಲೋ ಕೇಳುತ್ತಾರೆ.

ಅದಕ್ಕೆ ಉತ್ತರ ಕೊಡುವುದೇ ದೊಡ್ಡವರು ಬಗ್ಗುವ ರೀತಿ. ಗಾದೆಯೊಳಗಿನ ಬಗ್ಗುವಿಕೆ ಹೊರಗಿನ ಕೈ ಹಿಡಿದು ಬಗ್ಗಿಸುವಂಥದ್ದು. ಬಲಿತ ಮರವನ್ನು ಹಾಗೆ ಯಾರೂ ಬಗ್ಗಿಸಲಾರರು, ನಿಜ. ಆದರೆ ಕರಾವಳಿಯ ತೆಂಗನ್ನು ನೋಡಿ. ಎಷ್ಟು ಎತ್ತರವಾದ ಮೇಲೂ ಬೆಳಕಿರುವ ಕಡೆಗೆ ತಾನಾಗಿ ವಾಲುತ್ತ ಬೆಳೆಯುತ್ತದೆ. ಐವತ್ತರ ತಂದೆತಾಯಿಯಿಂದ ಬೇಕಾದದ್ದೂ ತಾನಾಗಿ ವಾಲುವ ಗುಣ. ಚಪಾತಿ ಬಚ್ಚಿಟ್ಟಿದ್ದಕ್ಕೆ ಗದರದೆ, ಮಗುವಿನ ಕೈಗೆಟಕುವ ಕಡೆ ಒಂದು ಡಬ್ಬಿಯಲ್ಲಿ ಬಿಸ್ಕತ್ತು, ಕಡಲೆಮಿಠಾಯಿ ತುಂಬಿಟ್ಟು, ಅದು ಎಂದೂ ಖಾಲಿಯಾಗದಂತೆ ನೋಡಿಕೊಳ್ಳುವುದು. ಹತ್ತಾರು ಮಕ್ಕಳ ನಡುವೆ ಮಲಗಿ ಅಭ್ಯಾಸವಾದವರಿಗೆ ಹೊಸ ಮಂಚದ ಒಂಟಿ ಕೋಣೆ ದಿಗಿಲು ಹುಟ್ಟಿಸುತ್ತದೆ ಎಂದು ತಿಳಿದು ನಡುಮನೆಯಲ್ಲಿ ಮೂವರಿಗೂ ಚಾಪೆ ಹಾಸುವುದು. ದತ್ತು ವ್ಯವಸ್ಥೆ ಇಡೀ ದೇಶಕ್ಕೆ ಒಂದೇ ಆದ್ದರಿಂದ ಧಾರವಾಡದ ಮನೆಗೆ ಒಡಿಶಾದ ಮಗು ಬರಬಹುದು. ಆಗ ಮಗುವಿಗೆ ಕನ್ನಡ ಕಲಿಸುವ ಮುಂಚೆ ಹಸಿವು, ನೋವು, ಹೆದರಿಕೆ, ಬಾತ್‌ರೂಮಿಗೆ ಬೇಕಾದ ನಾಲ್ಕು ಒಡಿಯಾ ಮಾತನ್ನು ತಾವು ಕಲಿಯುವುದು. ಅದರ ಹೆಸರು ಮನೆದೇವರಿಗೆ ಹೊಂದದಿದ್ದರೂ ಹಾಗೇ ಉಳಿಸುವುದು, ಏಕೆಂದರೆ ಅದು ಹೊತ್ತು ತಂದ ಏಕೈಕ ಸ್ವತ್ತು ಅದೇ ಆಗಿರಬಹುದು. ಅಮ್ಮ ಎನ್ನು ಎಂದು ಒತ್ತಾಯಿಸದೆ ಆಂಟಿ ಎಂದೇ ಕರೆಸಿಕೊಂಡು ಕಾಯುವುದು. ಇದು ಎಲ್ಲಕ್ಕಿಂತ ಕಷ್ಟ. ಆ ಒಂದು ಕರೆಗಾಗಿಯೇ ಇಪ್ಪತ್ತು ವರ್ಷ ಕಾದವಳಿಗೆ ಇನ್ನೂ ಕಾಯಿ ಎನ್ನುವುದು ಸಣ್ಣ ಮಾತಲ್ಲ.

ಇಷ್ಟು ಬಗ್ಗಲು ಸಮಯ ಬೇಕು, ಅದನ್ನು ನಮ್ಮ ಕಾನೂನು ಕೊಡಲಿಲ್ಲ ಎಂಬುದು ನನ್ನ ದೊಡ್ಡ ದೂರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ದತ್ತು ತಾಯಿಗೆ 12 ವಾರದ ರಜೆ ಬರೆದರು. ಆದರೆ ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ. ಹೆತ್ತವರು ಒಪ್ಪಿಸಿದ ಮಗುವಿಗೂ ಅವರು ಮನಸ್ಸು ಬದಲಿಸಲು 60 ದಿನ ಬಿಡಬೇಕು. ಅದಾದ ಮೇಲೆ ಕಾಗದಪತ್ರ, ಹೊಂದಾಣಿಕೆ. ಮೂರು ತಿಂಗಳೊಳಗೆ ಮಗು ಮನೆ ಸೇರುವುದೇ ಅಪರೂಪ. ಎಂಟು ವರ್ಷದ ಮಗುವನ್ನು ಕರೆತಂದವಳಿಗೆ ಆ ಬರಹದಲ್ಲಿ ಒಂದು ದಿನವೂ ಇರಲಿಲ್ಲ. ದೊಡ್ಡ ಮಗು ತಾನೇ ಉಣ್ಣುತ್ತದೆ, ತಾನೇ ಸ್ನಾನ ಮಾಡುತ್ತದೆ, ಇನ್ನು ರಜೆಯೇಕೆ ಎಂಬ ಎಣಿಕೆಯಿರಬೇಕು. ರಾತ್ರಿ ಎರಡಕ್ಕೆ ಎದ್ದು ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡುವ ಮಗುವಿನ ಪಕ್ಕ ಕೂತವರು ಆ ಎಣಿಕೆಯನ್ನು ಒಪ್ಪಲಾರರು.

ತಡವಾಗಿ ತಂದೆತಾಯಿಯಾದವರಿಗೆ ಬೇರೆ ತೊಡಕುಗಳೂ ಇವೆ. ಶಾಲೆಯ ಗೇಟಿನಲ್ಲಿ “ನಿನ್ನ ಅಜ್ಜಿ ಬಂದರು” ಎನ್ನುತ್ತಾರೆ. ಮನೆಯಲ್ಲಿ ಮಗಳು ಮೈನೆರೆಯುವ ಹೊತ್ತಿಗೆ ಅಮ್ಮನಿಗೆ ಮುಟ್ಟು ನಿಲ್ಲುವ ಕಾಲ. ಇಬ್ಬರಿಗೂ ಕಾರಣವಿಲ್ಲದೆ ಅಳು, ಕಾರಣವಿಲ್ಲದೆ ಸಿಟ್ಟು. ಐವತ್ತರಲ್ಲಿ ಎಂಟರ ಮಗುವನ್ನು ತಂದ ಸರ್ಕಾರಿ ನೌಕರ ಅರವತ್ತಕ್ಕೆ ನಿವೃತ್ತನಾಗುವಾಗ ಮಗುವಿಗೆ ಹದಿನೆಂಟು, ಕಾಲೇಜಿನ ಖರ್ಚು ಆಗಷ್ಟೇ ಶುರು. ತಮ್ಮ ನಂತರ ಯಾರು ಎಂಬುದನ್ನು ಇಂಥವರು ಮೊದಲ ವರ್ಷದಲ್ಲೇ ಬರೆದಿಡಬೇಕು: ಉಯಿಲು, ಪಾಲಕರ ಹೆಸರು, ನಾಮಿನಿ. ಹಾಗೆ ಹೆಸರಿಸುವ ತಮ್ಮನೋ ನಾದಿನಿಯೋ ಮಗುವಿಗೆ ಮೊದಲಿಂದ ಪರಿಚಿತರಾಗಿರಬೇಕು, ರಜೆಯಲ್ಲಿ ಅವರ ಮನೆಗೆ ಹೋಗಿ ಬರುವಂತಿರಬೇಕು. ಇನ್ನೊಂದೆಡೆ, ವಯಸ್ಸು ಕೊಡುವ ಅನುಕೂಲವೂ ಇದೆ. ಮೂವತ್ತರ ಅವಸರ ಐವತ್ತರಲ್ಲಿ ಇರುವುದಿಲ್ಲ. ಸೋತು, ಕಾದು, ಆಸೆಗಳನ್ನು ಬಿಟ್ಟುಕೊಟ್ಟು ಬಂದವರಿಗೆ ಮಗು ಮೊದಲ ರ‍್ಯಾಂಕು ತರಲೇಬೇಕೆಂಬ ಹಟ ಕಡಿಮೆ. ಕಳೆದುಕೊಳ್ಳುವುದು ಏನೆಂದು ಬಲ್ಲ ಇಬ್ಬರು ದೊಡ್ಡವರು, ಅದನ್ನೇ ಬಲ್ಲ ಒಂದು ಮಗು ಒಂದೇ ಮನೆಯಲ್ಲಿರುವಾಗ ಕೆಲವು ಮಾತುಗಳನ್ನು ವಿವರಿಸಿ ಹೇಳಬೇಕಾಗಿ ಬರುವುದಿಲ್ಲ.

ಶಾಲೆಯಲ್ಲಿ ವಂಶವೃಕ್ಷ ಬರೆದು ತಾ ಎಂದು ಹೋಮ್‌ವರ್ಕ್ ಕೊಟ್ಟ ಸಂಜೆ ಬಗ್ಗುವಿಕೆಯ ಇನ್ನೊಂದು ಪರೀಕ್ಷೆ. ತಮ್ಮ ಅಜ್ಜ ಮುತ್ತಜ್ಜರ ಹೆಸರನ್ನಷ್ಟೇ ಬರೆಸಿ ಮುಗಿಸುವ ಆಸೆಯಾಗುತ್ತದೆ. ದೊಡ್ಡದಾಗಿ ಬಂದ ಮಗುವಿಗೆ ಅದು ಸುಳ್ಳೆಂದು ಗೊತ್ತು. ಅದಕ್ಕೊಬ್ಬ ಅಕ್ಕನ ನೆನಪಿರಬಹುದು, ಕೆಮ್ಮುತ್ತಿದ್ದ ಅಜ್ಜನ ನೆನಪಿರಬಹುದು. ಅವರಿಗೂ ಆ ಹಾಳೆಯಲ್ಲಿ ಜಾಗ ಬೇಕು, ಹೆಸರು ತಿಳಿಯದಿದ್ದರೆ ಅಕ್ಕ, ಅಜ್ಜ ಎಂದಾದರೂ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ತಿಳಿಯಲು ಅರ್ಜಿ ಹಾಕುವ ಹಕ್ಕನ್ನು ನಿಯಮಗಳು ಮಗುವಿಗೆ ಕೊಟ್ಟಿವೆ. ಅದಕ್ಕೆ ಮುಂಚೆಯಾದರೆ ದತ್ತು ತಂದೆತಾಯಿಯ ಜೊತೆಗೂಡಿ. ಆ ದಿನಕ್ಕೆ ತಾವು ಅರವತ್ತರ ಆಚೆ ಇರುತ್ತೇವೆಂದು ಬಲ್ಲವರು ಈಗಿನಿಂದಲೇ ಒಂದು ಫೈಲು ಮಾಡಿಡುವುದು ಒಳ್ಳೆಯದು: ದತ್ತು ಆದೇಶ, ಸಂಸ್ಥೆಯವರು ಕೊಟ್ಟ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಅಲ್ಲಿದ್ದಾಗಿನ ಫೋಟೊಗಳು, ಸ್ನಾನ ಮಾಡಿಸುತ್ತಿದ್ದ ಆಯಾಳ ಹೆಸರು, ಮಗು ಬಂದ ದಿನ ತೊಟ್ಟಿದ್ದ ಬಟ್ಟೆ. ದತ್ತಾದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಫೈಲಿನಲ್ಲಿ ಏನು ಇಲ್ಲವೋ ಅದನ್ನು ಅವರು ಬಂದಾಗಲೇ ಕೇಳಿ ಪಡೆಯಬೇಕು. ಆಯಾಗಳು ಕೆಲಸ ಬದಲಿಸುತ್ತಾರೆ, ಸಂಸ್ಥೆಗಳು ಮುಚ್ಚುತ್ತವೆ, ಹತ್ತು ವರ್ಷದ ನಂತರ ಕೇಳಿದರೆ ಹೇಳುವವರು ಸಿಗುವುದಿಲ್ಲ.