ಯಾರ ಕೈಗೆ ಈ ಹಂಚು?

ಒಳ್ಳೇ ಹಂಚು ಯಾವುದು ಅಂತ ಕೇಳಿದರೆ ಉತ್ತರ ಹೇಳೋಕೆ ಬಹಳ ಜನ ಇದ್ದಾರೆ. ಬೀಡಿನದ್ದು ತಗೊಳ್ಳಿ ಅನ್ನೋರು, ತಗಡಿನದ್ದೇ ಲೇಸು ಅನ್ನೋರು, ನಾನ್‌ಸ್ಟಿಕ್ ಇರುವಾಗ ಇದೆಲ್ಲ ಯಾಕೆ ಅನ್ನೋರು. ಆದರೆ ‘ಯಾರಿಗೆ ಒಳ್ಳೇದು?’ ಅಂತ ತಿರುಗಿ ಕೇಳೋರು ಕಡಿಮೆ. ಒಂದು ಸಾಮಾನು ಮನೆಗೆ ಬರುವಾಗ ದುಡ್ಡು ಕೊಡೋರು ಒಬ್ಬರು, ಆರಿಸೋರು ಇನ್ನೊಬ್ಬರು, ಅದರ ಮುಂದೆ ನಿಂತು ಬೇಯೋರು ಮತ್ತೊಬ್ಬರು, ಬಿಸಿಬಿಸಿ ತಿನ್ನೋರು ಬೇರೆಯೇ ಒಬ್ಬರು ಆಗಿರಬಹುದು. ಇವರಲ್ಲಿ ಯಾರ ಮಾತು ನಡೀಬೇಕು? ಹಂಚು ಸಣ್ಣ ವಿಷಯ. ಈ ಪ್ರಶ್ನೆ ಸಣ್ಣದಲ್ಲ.

ನಮ್ಮನೆಯಲ್ಲಿ ಇದನ್ನ ಶುರು ಮಾಡಿದ್ದು ನನ್ನ ತಮ್ಮ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನ ಅವನೀಗ ಹುಬ್ಬಳ್ಳಿಯ ಮನೆಯಿಂದಲೇ ಮಾಡ್ತಾನೆ. ವಿದ್ಯಾನಗರದ ನಮ್ಮ ಮನೆಗೆ ಇನ್ನೂ ಒಂದಿಷ್ಟು ಹಿತ್ತಲು ಉಳಿದಿದೆ: ಕರಿಬೇವು, ನುಗ್ಗಿ ಗಿಡ, ಬಟ್ಟೆ ಒಗೆಯೋ ಕಲ್ಲು. ಶನಿವಾರ ಸಂಜೆ ದೋಸ್ತರನ್ನ ಕರೆದು ಅಲ್ಲೇ ಅಡಿಗಿ ಮಾಡಬೇಕು ಅನ್ನೋದು ಅವನ ಆಸೆ. ಅಮೆರಿಕದಲ್ಲಿರೋ ಗೆಳೆಯರು ಕಳಿಸಿದ ಫೋಟೋಗಳಲ್ಲಿ ಅಂಥದ್ದನ್ನ ನೋಡಿದ್ದ. ಅಲ್ಲಿ ಬ್ಲ್ಯಾಕ್‌ಸ್ಟೋನ್ ಅನ್ನೋ ಕಂಪನಿ 2005ರಿಂದ ಹಿತ್ತಲಿನ ಗ್ರಿಡಲ್‌ಗಳನ್ನ ಮಾಡ್ತಾ ಬಂದಿದೆ. ಅದರ ಹೆಸರಾದ ಮಾದರಿ 36 ಇಂಚು ಅಗಲ, ಅಂದ್ರೆ ಮೂರು ಅಡಿ. ಕೆಳಗೆ ನಾಲ್ಕು ಬರ್ನರ್. ನಮ್ಮ ಹೋಟೆಲಿನ ದೋಸೆ ಹಂಚಿಗೆ ಗಾಲಿ ಹಚ್ಚಿದರೆ ಹೇಗೋ ಹಾಗೆ. ಅದು ಇಲ್ಲಿಗೆ ಬರೋದು ಕಷ್ಟ, ಬಂದರೂ ದುಬಾರಿ. ಹಾಗಾದ್ರೆ ಇಲ್ಲೇ ಅಂಥದ್ದು ಯಾವುದಿದೆ ಅಂತ ಹುಡುಕೋಕೆ ಕೂತ. ಮೂರು ವಾರ ಹಿಡೀತು. ಎಕ್ಸೆಲ್ ಶೀಟಿನಲ್ಲಿ ದಪ್ಪ, ತೂಕ, ಬರ್ನರ್, ಬೆಲೆ, ಗ್ಯಾರಂಟಿ ಅಂತ ಸಾಲುಗಟ್ಟಿ ಬರೆದ.

ಆ ಹುಡುಕಾಟ ದಂಡ ಅಂತ ನಾನು ಹೇಳೋದಿಲ್ಲ. ಸಾಮಾನಿಗೂ ಒಂದು ಸತ್ಯ ಇರುತ್ತೆ, ಅದನ್ನ ತಿಳಿದುಕೊಳ್ಳೋದು ಒಳ್ಳೇದೇ. ನಮ್ಮ ಕಡೆ ಹಂಚು ಅಂದ್ರೆ ಮೊದಲು ಜೋಳದ ರೊಟ್ಟಿ. ಜೋಳದಲ್ಲಿ ಗೋಧಿಯ ಹಾಗೆ ಗ್ಲೂಟನ್ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದಬೇಕು, ಆ ಬಿಸಿಗೆ ಪಿಷ್ಟ ಅಂಟಾಗಿ ಹಿಟ್ಟು ಹಿಡಿದುಕೊಳ್ಳುತ್ತೆ. ಬಡಿದ ರೊಟ್ಟಿಯನ್ನ ಕಾದ ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವಿಯಿಂದ ನೀರು ಸವರಿ, ಆ ನೀರು ಪೂರ್ತಿ ಆರೋದ್ರೊಳಗೆ ಮಗುಚಬೇಕು. ಎಣ್ಣೆಯ ಮಾತಿಲ್ಲ, ಒಣ ಹಂಚು, ಜೋರು ಕಾವು. ನಾನ್‌ಸ್ಟಿಕ್ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡೋಕೆ ಶುರುವಾಗುತ್ತೆ, ಖಾಲಿ ಹಂಚು ಜೋರು ಉರಿಯ ಮೇಲೆ ಆ ಮಟ್ಟ ಬೇಗ ಮುಟ್ಟುತ್ತೆ. ಹಾಗಾಗಿ ತಮ್ಮ ಆ ಸಾಲುಗಳನ್ನ ಅಳಿಸಿದ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು 3 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ, ಆದರೆ ತೆಳ್ಳಗಿನ ಹಗುರ ಹಂಚು ಹಸಿ ರೊಟ್ಟಿ ಬಿದ್ದ ಕೂಡಲೇ ಕಾವು ಕಳೆದುಕೊಳ್ಳುತ್ತೆ. ಬೀಡಿನ ಹಂಚು ತಡವಾಗಿ ಕಾಯುತ್ತೆ, ಕಾದ ಮೇಲೆ ಬೇಗ ಆರೋದಿಲ್ಲ. ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಸೀಳಬಹುದು. ಕಬ್ಬಿಣದ ತಗಡಿನದು ಒಡೆಯೋದಿಲ್ಲ, ತೀರಾ ತೆಳುವಾದರೆ ಉರಿಗೆ ಡೊಂಕಾಗುತ್ತೆ. ಎರಡನ್ನೂ ಪಳಗಿಸಬೇಕು. ತೆಳ್ಳಗೆ ಎಣ್ಣೆ ಸವರಿ ಹೊಗೆಯಾಡೋ ತನಕ ಕಾಸಿದರೆ ಅದು ಗಟ್ಟಿಯಾದ ಕಪ್ಪು ಪದರವಾಗಿ ಕೂರುತ್ತೆ. ಜೂನ್ ಮಳೆಯಲ್ಲಿ ಹಿತ್ತಲಲ್ಲೇ ಬಿಟ್ಟರೆ ಎಂಥ ಕಬ್ಬಿಣವಾದರೂ ತುಕ್ಕೇ.

ಇಷ್ಟೆಲ್ಲ ಗೊತ್ತಾದ ಮೇಲೆ ಒಂದು ಸಂಜೆ ಅವ್ವ ಚಹಾದ ಕಪ್ಪು ಹಿಡಿದು ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿದಳು. ‘ಇದ್ರ ಮುಂದ ಕುಂತು ಬಡೀಬೇಕೋ, ನಿಂತು ಬಡೀಬೇಕೋ? ಅದನ್ನ ಎಲ್ಲಿ ಬರದಿ?’ ಅಂದಳು.

ಅದಕ್ಕೆ ಕಾಲಂ ಇರಲಿಲ್ಲ. ಅವ್ವ ಮೊದಲು ಒಲಿ ಮುಂದೆ ಕೂತು ರೊಟ್ಟಿ ಬಡೀತಿದ್ದಳು. ಮೊಣಕಾಲು ನೋವು ಬಂದ ಮೇಲೆ ಅಡಿಗಿ ಮನಿಯ ಕಟ್ಟಿ ಮುಂದೆ ನಿಂತು ಬಡೀತಾಳೆ. ಅವಳ ಎತ್ತರ ಐದು ಅಡಿ. ಕಟ್ಟಿ ಎರಡು ಇಂಚು ಎತ್ತರ ಹೆಚ್ಚಾದರೆ ಭುಜ ಹಿಡಿದುಕೊಳ್ಳುತ್ತೆ, ಎರಡು ಇಂಚು ತಗ್ಗಾದರೆ ಸೊಂಟ. ಕಬ್ಬಿಣ ಎಷ್ಟು ಮಿಲಿಮೀಟರ್ ಅಂತ ನಮಗೆ ಗೊತ್ತಿತ್ತು. ಬಡಿಯೋಳ ಭುಜ ಎಲ್ಲಿಗೆ ಬರುತ್ತೆ ಅನ್ನೋದು ಯಾವ ಕಂಪನಿಯ ಮಾಹಿತಿಯಲ್ಲೂ ಇರಲಿಲ್ಲ.

ಈ ಮಾತನ್ನ ಗ್ರೀಕರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಚರ್ಚಿಸಿದ್ದಾರೆ. ಪ್ಲೇಟೋ ‘ರಿಪಬ್ಲಿಕ್’ನ 10ನೇ ಭಾಗದಲ್ಲಿ ಕೊಳಲಿನ ಉದಾಹರಣೆ ಕೊಡ್ತಾನೆ. ಕೊಳಲು ಚೆನ್ನಾಗಿದೆಯೋ ಇಲ್ಲವೋ ಅನ್ನೋದು ನಿಜವಾಗಿ ಗೊತ್ತಿರೋದು ನುಡಿಸೋವನಿಗೆ, ಮಾಡೋವನು ಅವನ ಮಾತು ಕೇಳಿ ಮಾಡಬೇಕು ಅನ್ನೋದು ಅವನ ವಾದ. ಅರಿಸ್ಟಾಟಲ್ ‘ಪಾಲಿಟಿಕ್ಸ್’ನ 3ನೇ ಭಾಗದಲ್ಲಿ ಇದನ್ನೇ ಮುಂದುವರಿಸ್ತಾನೆ. ಮನೆ ಹೇಗಿದೆ ಅಂತ ಕಟ್ಟಿದವನಿಗಿಂತ ಅದರಲ್ಲಿ ಇರೋವನು ಚೆನ್ನಾಗಿ ಹೇಳಬಲ್ಲ, ಚುಕ್ಕಾಣಿಯ ಗುಣ ಬಡಗಿಗಿಂತ ಹಡಗು ನಡೆಸೋವನಿಗೆ ಗೊತ್ತು ಅಂತಾನೆ. ಆದರೆ ಅವನ ಮೂರನೇ ಉದಾಹರಣೆ ನನ್ನನ್ನ ತಡೆದು ನಿಲ್ಲಿಸುತ್ತೆ: ಊಟ ಹೇಗಿದೆ ಅಂತ ಹೇಳಬೇಕಾದೋನು ಅಡುಗೆಯವನಲ್ಲ, ಉಂಡ ಅತಿಥಿ.

ಹಾಗಾದ್ರೆ ಹಂಚನ್ನ ‘ಬಳಸೋರು’ ಯಾರು? ರೊಟ್ಟಿ ಬಡಿಯೋರೋ, ತಿನ್ನೋರೋ? ಅರಿಸ್ಟಾಟಲ್‌ನ ಈ ಮೂರನೇ ಉದಾಹರಣೆಯನ್ನ ನಮ್ಮ ಮನೆಗಳು ಅವನ ಹೆಸರು ಕೇಳದೇ ಪಾಲಿಸಿಕೊಂಡು ಬಂದಿವೆ. ಎಣ್ಣಿಗಾಯಿ, ಶೇಂಗಾ ಚಟ್ನಿ ಹಚ್ಚಿಕೊಂಡು ಕೂತೋರು ‘ಇವತ್ತ ಸ್ವಲ್ಪ ದಪ್ಪ ಆಗ್ಯಾವ’ ಅಂತ ತೀರ್ಪು ಕೊಡ್ತಾರೆ. ಒಲಿ ಮುಂದೆ ಇರೋಳಿಗೆ ಅದನ್ನ ಕೇಳಿಸಿಕೊಳ್ಳೋದಷ್ಟೇ ಕೆಲಸ. ರುಚಿಯ ತೀರ್ಪು ಉಣ್ಣೋರದ್ದು ಇರಲಿ. ಆದರೆ ಹಂಚು ಬರೀ ರುಚಿ ಕೊಡೋ ಸಾಮಾನಲ್ಲ, ಅದರ ಮುಂದೆ ನಿಲ್ಲೋರಿಂದ ಅದು ಗಂಟೆಗಟ್ಟಲೆ ಹೊತ್ತು ಮತ್ತು ಮೈಬಲವನ್ನ ಕೇಳುತ್ತೆ. ರುಚಿ ನೋಡೋಕೆ ನಾಲಿಗೆ ಸಾಕು. ಆ ಹೊತ್ತಿನ ಭಾರ ಎಷ್ಟು ಅಂತ ನಿಂತವರಿಗೇ ಗೊತ್ತು.

ನಿಲ್ಲೋರನ್ನ ಬಿಟ್ಟು ಆರಿಸಿದರೆ ಏನಾಗುತ್ತೆ ಅನ್ನೋಕೆ ದೊಡ್ಡ ಉದಾಹರಣೆಯೊಂದು ನಮ್ಮ ದೇಶದಲ್ಲೇ ಇದೆ. ರೀಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದ ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡೋ ಸುಧಾರಿತ ಒಲೆಗಳನ್ನ ವರ್ಷಗಟ್ಟಲೆ ಗಮನಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಒಲೆ ಚೆನ್ನಾಗಿತ್ತು. ಮನೆಗಳಲ್ಲಿ ಮೊದಲ ವರ್ಷ ಅಡುಗೆಯವರ ಒಳಗೆ ಹೋಗೋ ಹೊಗೆ ಕಡಿಮೆಯೂ ಆಯ್ತು. ಆಮೇಲೆ ಆ ಲಾಭ ಉಳೀಲಿಲ್ಲ. ಜನ ಒಲೆಯನ್ನ ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ, ಬರಬರುತ್ತಾ ಬಳಸೋದೇ ಕಡಿಮೆ ಆಯ್ತು. ಒಲೆಯ ಉದ್ದೇಶದಲ್ಲಿ ತಪ್ಪಿಲ್ಲ, ಹೊಗೆ ನಿಜವಾಗಿಯೂ ಕೊಲ್ಲುತ್ತೆ. ಆದರೆ ದಿನಾ ಅದನ್ನ ಹಚ್ಚೋರು, ಅದರ ಮಸಿ ತೆಗೆಯೋರು ಯಾರು, ಅವರಿಗೆ ಅದು ಎಷ್ಟು ಕೆಲಸ ಹೆಚ್ಚಿಸುತ್ತೆ ಅನ್ನೋದು ಲೆಕ್ಕದ ಹೊರಗೆ ಉಳಿದರೆ, ಒಳ್ಳೇ ಸಾಮಾನೂ ಮೂಲೆ ಸೇರುತ್ತೆ.

ಇಲ್ಲಿಗೆ ನಿಲ್ಲಿಸಿದರೆ ನೀತಿ ಸುಲಭ: ಬಳಸೋರನ್ನ ಕೇಳಿ ಕೊಳ್ಳಿ. ತಮ್ಮ ಹಾಗೇ ಮಾಡಿದ. ‘ಅವ್ವ, ನಿನಗ ಹ್ಯಾಂಗ ಬೇಕೋ ಹಂಗ ಮಾಡಸೋಣು, ಹೇಳು’ ಅಂದ. ಅವ್ವ ಹೇಳಿದ್ದು ಇಷ್ಟು: ‘ನನ್ನ ಯಾಕ ಕೇಳ್ತಿಯೋ? ನಿನ್ನ ದೋಸ್ತರು ಬಂದಾಗೂ ನಾನ ಬಡೀಬೇಕೇನು?’

ಅವಳು ಸಿಟ್ಟಿನಿಂದ ಹೇಳಲಿಲ್ಲ, ನಕ್ಕೊಂತಲೇ ಹೇಳಿದಳು. ಆದರೆ ನೋಡ್ರಿ, ಪ್ರಶ್ನೆಯೇ ಅಲ್ಲಿ ತಿರುಗಿಬಿಡ್ತು. ‘ನಿನಗೆ ಹೇಗೆ ಬೇಕು’ ಅಂತ ಪ್ರೀತಿಯಿಂದ ಕೇಳೋದರಲ್ಲೇ ‘ನಿಲ್ಲೋಳು ನೀನೇ’ ಅನ್ನೋ ತೀರ್ಮಾನ ಅಡಗಿತ್ತು. ಯಾರ ಕೈಗೆ ಒಪ್ಪೋ ಹಂಚು ಅನ್ನೋದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: ಅದೇ ಕೈ ಯಾಕೆ?

ದುರ್ಗದ ಬೈಲಿಗೆ ಸಂಜೆ ಹೋಗಿ ನೋಡಿ. ದೊಡ್ಡ ಹಂಚು, ದೊಡ್ಡ ಬಾಣಲಿ ಮುಂದೆ ನಿಂತೋರಲ್ಲಿ ಹೆಚ್ಚಿನವರು ಗಂಡಸರು. ಸಟ್ಟುಗ ಬಡಿದು ಶಬ್ದ ಮಾಡ್ತಾರೆ, ಗಿರಾಕಿಗಳ ಜೊತೆ ಮಾತಾಡ್ತಾರೆ. ಅಲ್ಲೇ ಹತ್ತಿರದ ಯಾವುದಾದರೂ ಖಾನಾವಳಿಯ ಒಳಗೆ ಇಣುಕಿದರೆ ರೊಟ್ಟಿ ಬಡೀತಿರೋರು ಬಹುತೇಕ ಹೆಂಗಸರು. ಹಂಚು ನಾಲ್ಕು ಮಂದಿಗೆ ಕಾಣೋ ಜಾಗಕ್ಕೆ ಬಂದರೆ ಅದು ಗಂಡಸಿನ ಕೆಲಸ, ಗೋಡೆಯ ಹಿಂದೆ ಹೋದರೆ ಹೆಂಗಸಿನ ಕೆಲಸ. ಅಮೆರಿಕದ ಹಿತ್ತಲಲ್ಲೂ ಇದೇ ಕಥೆ: ವಾರದ ಅಡುಗೆ ಒಳಗೆ ಒಬ್ಬರದು, ಭಾನುವಾರದ ಗ್ರಿಲ್ ಹೊರಗೆ ಅಪ್ಪನದು. ಬೆಂಕಿ, ಕಬ್ಬಿಣ ಎರಡೂ ಕಡೆ ಒಂದೇ. ಬೇರೆ ಆಗೋದು ನೋಡೋರು ಇದ್ದಾರೋ ಇಲ್ಲವೋ ಅನ್ನೋದು.

ಹೀಗಿರುವಾಗ ಹಿತ್ತಲಿಗೆ ಹಂಚು ತರೋದರಲ್ಲಿ ಒಂದು ಅವಕಾಶವೂ ಇದೆ, ಒಂದು ಅಪಾಯವೂ ಇದೆ. ಅವಕಾಶ ಏನಂದ್ರೆ, ಅಡಿಗಿ ಒಳಗಿನಿಂದ ಎಲ್ಲರ ನಡುವೆ ಬರುತ್ತೆ. ಎಳ್ಳ ಅಮಾವಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೂ ಒಟ್ಟಿಗೆ ಕೂತು ಸಜ್ಜಿ ರೊಟ್ಟಿ ತಿನ್ನೋರಿಗೆ ಬಯಲಿನ ಊಟದ ಸುಖ ಹೊಸದಲ್ಲ. ಆದರೆ ಆ ಬುತ್ತಿಯ ರೊಟ್ಟಿಯನ್ನ ಹಿಂದಿನ ದಿನವೇ ಮನೆಯೊಳಗೆ ಯಾರೋ ಬಡಿದಿರ್ತಾರೆ. ಹಿತ್ತಲಲ್ಲಿ ಬಡಿಯೋದೂ ತಿನ್ನೋದೂ ಒಂದೇ ಜಾಗದಲ್ಲಿ ಆದರೆ, ಬಡಿಯೋರೂ ಊಟದ ಮಾತಿನೊಳಗೆ ಇರ್ತಾರೆ. ಅಪಾಯ ಏನಂದ್ರೆ, ಹೊರಗೆ ತಮ್ಮ ಮಗುಚೋ ಕೈ ಹಿಡಿದು ಫೋಟೋ ತೆಗೆಸಿಕೊಳ್ತಾನೆ, ಒಳಗೆ ಹಿಟ್ಟು ನಾದೋಳು, ಈರುಳ್ಳಿ ಹೆಚ್ಚೋಳು, ಮರುದಿನ ಜಿಡ್ಡು ತಿಕ್ಕೋಳು ಅವ್ವ ಅಥವಾ ನಾನು ಅಥವಾ ಕೆಲಸಕ್ಕೆ ಬರೋ ಅಕ್ಕ. ಆಗ ಅಡಿಗಿ ಇಬ್ಬರದಾಗೋದಿಲ್ಲ, ಒಬ್ಬನ ಹೆಸರಿಗೆ ಮೂವರ ಕೆಲಸ ಆಗುತ್ತೆ.

ಅದಕ್ಕೇ ಕೊಳ್ಳೋ ಮೊದಲು ಆ ಶೀಟಿಗೆ ನಾವು ಮೂರು ಕಾಲಂ ಸೇರಿಸಿದೆವು. ಮೊದಲು ಯಾರು ತಯಾರಿ ಮಾಡ್ತಾರೆ? ಆಮೇಲೆ ಯಾರು ತೊಳೀತಾರೆ? ಕೊನೆಗೆ ಯಾರು ಉಣ್ತಾರೆ? ಮೂರಕ್ಕೂ ಒಬ್ಬರದೇ ಹೆಸರು ಬಂದರೆ ಹಂಚು ಎಷ್ಟೇ ಒಳ್ಳೇದಿರಲಿ, ಆ ಮನೆಗೆ ಅದು ಒಳ್ಳೇದಲ್ಲ. ಮೂರನೇ ಪ್ರಶ್ನೆಯನ್ನ ಕಡೆಗಣಿಸಬೇಡಿ. ರೊಟ್ಟಿ ಬಡಿಯೋಳು ಎಲ್ಲರದೂ ಆದ ಮೇಲೆ ಉಣ್ಣೋದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದ್ರೆ, ಬಿಸಿ ರೊಟ್ಟಿಯ ರುಚಿ ಚೆನ್ನಾಗಿ ಬಲ್ಲೋರು ಅದನ್ನ ಮಾಡೋರಲ್ಲ.

ಉತ್ತರಗಳು ಬಂದ ಮೇಲೆ ಆಯ್ಕೆ ತಾನಾಗೇ ಸಣ್ಣದಾಯ್ತು. ಮೂರು ಅಡಿಯ ಹಂಚು ಬೇಡ, ಅದನ್ನ ಎತ್ತಿ ಒಳಗಿಡೋಕೆ ಇಬ್ಬರು ಬೇಕು, ಮಳೆಗಾಲದಲ್ಲಿ ಆ ಇಬ್ಬರು ಸಿಗೋದಿಲ್ಲ. ಪೇಟೆಯಲ್ಲಿ ದಪ್ಪ ತಗಡಿನ ಎರಡು ರೊಟ್ಟಿ ಹಂಚು ತಂದೆವು, ಒಬ್ಬರೇ ಎತ್ತಬಹುದಾದವು. ಒಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿದೆವು. ಅದರ ಕಾಲುಗಳನ್ನ ಎತ್ತರಿಸಬಹುದು, ತಗ್ಗಿಸಬಹುದು. ಅವ್ವ ನಿಂತರೆ ಅವಳ ಎತ್ತರ, ಆರು ಅಡಿಯ ತಮ್ಮ ನಿಂತರೆ ಅವನ ಎತ್ತರ. ಇಡೀ ಖರೀದಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಕಾಲುಗಳೇ. ‘ಇದರ ಮುಂದೆ ನಿಲ್ಲೋರು ಬದಲಾಗ್ತಾರೆ’ ಅನ್ನೋದನ್ನ ಮೊದಲೇ ಒಪ್ಪಿಕೊಂಡು ಮಾಡಿಸಿದ್ದು ಅದು.

ಒಂದು ತೊಡಕು ಇನ್ನೂ ಇದೆ. ಅವ್ವ ತನ್ನ ಅಡಿಗಿ ಮನಿಯ ಹಳೇ ಹಂಚನ್ನ ಯಾರಿಗೂ ಮುಟ್ಟಗೊಡೋದಿಲ್ಲ. ತಮ್ಮ ಬಡಿದ ರೊಟ್ಟಿ ಅಂಚಿನಲ್ಲಿ ಸೀಳಿದರೆ ‘ಬಿಡು, ನಾ ಬಡೀತೀನಿ’ ಅಂತ ಕೈ ಹಾಕ್ತಾಳೆ. ಅವಳಿಗೆ ಅದು ಬರೀ ದುಡಿಮೆ ಅಲ್ಲ, ನಲವತ್ತು ವರ್ಷದ ಕಸುಬು. ಮನೆಯಲ್ಲಿ ಅವಳ ಮಾತು ಎದುರಿಲ್ಲದೇ ನಡೆಯೋ ಒಂದೇ ಜಾಗ ಅದು. ಭಾರ ಇಳಿಸ್ತೀವಿ ಅಂತ ಹೋಗಿ ನಾವು ಆ ಅಧಿಕಾರವನ್ನೂ ಇಳಿಸಿಬಿಡಬಹುದು. ಕೆಲಸ ಹಂಚಿಕೊಳ್ಳೋದು ಅಂದ್ರೆ ಕೆಲಸ ಕಸಿದುಕೊಳ್ಳೋದಲ್ಲ. ಅವಳು ಹೇಳಿದ ಹಾಗೆ ಕಲಿಯೋದು, ದಪ್ಪ ಆಗ್ಯಾವ ಅಂತ ಅವಳು ತೀರ್ಪು ಕೊಡೋದು, ನಾವು ಕೇಳಿಸಿಕೊಳ್ಳೋದು. ಕನ್ನಡದಲ್ಲಿ ರೊಟ್ಟಿ ಸುಡೋದೂ ಹಂಚೇ, ಪಾಲು ಕೊಡೋದೂ ಹಂಚೇ. ಎರಡು ಬೇರೆ ಬೇರೆ ಶಬ್ದ ಇರಬಹುದು, ಆದರೆ ನಮ್ಮ ಹಿತ್ತಲಲ್ಲಿ ಎರಡನೆಯದು ಇಲ್ಲದೇ ಮೊದಲನೆಯದಕ್ಕೆ ಅರ್ಥ ಇಲ್ಲ.

ನಮ್ಮ ವಯಸ್ಸಿನೋರು ಈಗ ಮನೆಗೆ ಬಹಳ ಸಾಮಾನು ಕೊಳ್ತೀವಿ: ವಾಷಿಂಗ್ ಮಶೀನ್, ಗ್ರೈಂಡರ್, ನೆಲ ಒರೆಸೋ ಯಂತ್ರ. ‘ಅವ್ವಗ ಆರಾಮ ಆಗ್ಲಿ ಅಂತ’ ಅಂತೀವಿ. ಆ ಮಾತು ಸುಳ್ಳಲ್ಲ. ಆದರೆ ಸಾಮಾನು ಎಷ್ಟು ಚೆನ್ನಾಗಿದೆ ಅಂತ ವಾರಗಟ್ಟಲೆ ಹುಡುಕೋ ನಾವು, ಅದರ ಮುಂದೆ ನಿಲ್ಲೋರು ಯಾರು ಅನ್ನೋದನ್ನ ಒಂದು ನಿಮಿಷ ಕೂಡ ಹುಡುಕದೇ ಬಿಟ್ಟರೆ, ನಾವು ಕೊಟ್ಟದ್ದು ಆರಾಮ ಅಲ್ಲ, ಅದೇ ಕೆಲಸಕ್ಕೆ ಹೊಸ ಸಾಮಾನು ಅಷ್ಟೇ. ಮುಂದಿನ ಸಲ ಏನಾದರೂ ಆರ್ಡರ್ ಮಾಡೋ ಮೊದಲು ಆ ಮೂರು ಕಾಲಂ ತುಂಬಿಸಿ ನೋಡಿ. ಹೆಸರು ಬರೆಯುವಾಗ ಕೈ ತಡೆದರೆ, ಆ ತಡೆಯೋ ಜಾಗದಲ್ಲೇ ನಿಮ್ಮ ಮನೆಯ ನಿಜವಾದ ಪ್ರಶ್ನೆ ಇದೆ.